ನನ್ನವಳ ಎರಡನೆಯ ಕ್ಯಾಸೆಟ್ಟು

ಎಂಬತ್ತರ ದಶಕದಲ್ಲಿ ನಾನು ಬೀರೂರು ಜಂಕ್ಷನ್ನಿನಲ್ಲಿ ಬುಕಿಂಗ್ ಕ್ಲಾರ್ಕ್ ಆಗಿದ್ದೆ. ದಿನವೆಲ್ಲ ಟಿಕೆಟ್ ಕಿಂಡಿಯ ಹಿಂದೆ ಕೂತಿರುತ್ತಿದ್ದ ನನ್ನ ಮುಖ ಊರಿನ ಬಹಳ ಜನಕ್ಕೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಕಿಂಡಿಯೊಳಗಿಂದ ಆಚೆ ಬರುವ ನನ್ನ ಕೈ ಮಾತ್ರ. ನನ್ನ ಹೆಂಡತಿಯ ವಿಷಯ ಹಾಗಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಅವಳ ಮುಖ ನೋಡದವರೂ ದನಿಯನ್ನು ಬಲ್ಲವರಾಗಿದ್ದರು. ಅವಳು ಡಿಸ್ಕೊ ಹಾಡುಗಾರ್ತಿ.

ಆ ಕಾಲದಲ್ಲಿ ಡಿಸ್ಕೊ ಎಂಬ ಪದವನ್ನು ಜನ ಎಲ್ಲದಕ್ಕೂ ಅಂಟಿಸುತ್ತಿದ್ದರು. ಡಿಸ್ಕೊ ಸೀರೆ, ಡಿಸ್ಕೊ ಬಳೆ, ಡಿಸ್ಕೊ ಪಾನ್. ಅಜ್ಜಂಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಮೇಷ್ಟ್ರೊಬ್ಬರಿದ್ದರು. ಅವರಿಗೆ ಚಿತ್ರಕ್ಕಿಂತ ಕೀಬೋರ್ಡಿನ ಮೇಲೆ ಪ್ರೀತಿ ಹೆಚ್ಚು. ಸುತ್ತಲಿನ ಊರುಗಳಿಂದ ನಾಲ್ಕಾರು ಜನರನ್ನು ಕೂಡಿಸಿಕೊಂಡು ಆರ್ಕೆಸ್ಟ್ರಾ ಕಟ್ಟಿದ್ದರು. ಸಿನಿಮಾ ಹಾಡು ಹಾಡಿಸುವುದು ಸಾಕಾಗಿ ತಾವೇ ಕನ್ನಡದಲ್ಲಿ ಕುಣಿಯುವ ಹಾಡುಗಳನ್ನು ಬರೆದು ರಾಗ ಹಾಕತೊಡಗಿದರು. ಅವುಗಳನ್ನು ಹಾಡಿದವಳು ತರೀಕೆರೆಯ ರೇಡಿಯೊ ರಿಪೇರಿ ಅಂಗಡಿಯವರ ಮಗಳು. ಬೆಂಗಳೂರಿನ ಒಂದು ಸಣ್ಣ ಕಂಪನಿ ಆ ಹಾಡುಗಳನ್ನು ಕ್ಯಾಸೆಟ್ ಮಾಡಿ ಬಿಟ್ಟಿತು. ಅದು ಅವಳ ಮೊದಲನೆಯದು. ಹಾಗೆ ನೋಡಿದರೆ ಯಾರೂ ನಿರೀಕ್ಷಿಸದಷ್ಟು ಓಡಿತು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಮದುವೆ ಮನೆಯ ಮೈಕಿನಲ್ಲಿ, ಎಲ್ಲಿ ಹೋದರೂ ಅದೇ.

ಅವಳನ್ನು ಮೊದಲು ಕಂಡದ್ದು ನಾನಲ್ಲ, ನನ್ನ ಅವ್ವ. ಕಡೂರಿನಲ್ಲಿ ಗಣಪತಿ ಕೂರಿಸಿದ್ದ ಪೆಂಡಾಲಿನ ಮುಂದೆ ಸಂಜೆ ಆರ್ಕೆಸ್ಟ್ರಾ ಇತ್ತು. ಅವ್ವ ಯಗಟಿ ಕಡೆಯ ಹಳ್ಳಿಯವಳು. ರಾಗಿ ಹೊಲ, ಕುರಿ, ನಾನು, ಇಷ್ಟೇ ಅವಳ ಲೋಕ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ನನಗೆ ರೈಲ್ವೆ ಕ್ವಾರ್ಟರ್ಸ್ ಸಿಕ್ಕ ಮೇಲೆ ಕುರಿಗಳನ್ನು ದೊಡ್ಡಪ್ಪನಿಗೆ ಒಪ್ಪಿಸಿ ನನ್ನ ಜೊತೆ ಬಂದಿದ್ದಳು. ಅಂಥವಳು ಅವತ್ತು ಗುಂಪಿನಲ್ಲಿ ಮೊಣಕೈಯಿಂದ ದಾರಿ ಮಾಡಿಕೊಂಡು ಮುಂದಕ್ಕೆ ಹೋಗಿ ನಿಂತಳು. ವೇದಿಕೆಯ ಮೇಲೆ ಮಿನುಗುವ ಜರಿಯ ಮೇಲಂಗಿ ತೊಟ್ಟ ಹುಡುಗಿಯೊಬ್ಬಳು ಹಾಡುತ್ತಿದ್ದಳು. ಕೈಯಲ್ಲಿ ಮೈಕು, ಹಾಡು ಮುಗಿಯುವವರೆಗೂ ಕಾಲು ನೆಲಕ್ಕೆ ಊರದು.

"ಆ ಹುಡ್ಗಿ ನೋಡೋ, ಒಂದ್ ಗಳಿಗೆ ನಿಂತಲ್ಲಿ ನಿಲ್ಲಲ್ಲ," ಎಂದಳು ಅವ್ವ. ಬೈಯುತ್ತಿದ್ದಾಳೆ ಎಂದುಕೊಂಡೆ. ಮನೆಗೆ ಬಂದು ಕೈಕಾಲು ತೊಳೆಯುವಾಗ ಕೇಳಿದಳು, "ಅವರಪ್ಪ ತರೀಕೆರೇಲಿ ಏನ್ ಮಾಡ್ತಾನೆ, ಕೇಳ್ಕೊಂಡ್ ಬಾ."

ನಮ್ಮ ಕಡೆಯವರು ಆರ್ಕೆಸ್ಟ್ರಾ ಹುಡುಗಿ ಬೇಡ ಎಂದರು. ಅವ್ವ ಎಲ್ಲರ ಮಾತು ಕೇಳಿಸಿಕೊಂಡು, "ಹಾಡೋಳು ಮನೇಲಿದ್ರೆ ರೇಡಿಯೊ ಬ್ಯಾಟ್ರಿ ಉಳೀತದೆ ಬಿಡ್ರಪ್ಪ," ಎಂದಳು. ಅಲ್ಲಿಗೆ ಮಾತು ಮುಗಿಯಿತು. ಹೆಣ್ಣು ನೋಡಲು ಹೋದಾಗ ಅವಳು ಕಾಫಿ ಲೋಟ ನನ್ನ ಕೈಗಿತ್ತು, ತಲೆ ಎತ್ತಿ ಕೇಳಿದ್ದು ಒಂದೇ ಪ್ರಶ್ನೆ: "ಮದುವೆ ಆದ್ಮೇಲೆ ಹಾಡಬಹುದಾ?" ನಾನು ಅವ್ವನ ಮುಖ ನೋಡಿದೆ. ಅವ್ವ ಆಗಲೇ ಬಾಯಿಗೆ ಎಲೆಯಡಿಕೆ ಹಾಕಿಕೊಂಡಾಗಿತ್ತು. ನಾನು, "ಹಾಡು," ಎಂದೆ. ಆ ದಿನ ನಾವಿಬ್ಬರೂ ಆಡಿದ ಮಾತು ಅಷ್ಟೇ.

ಮದುವೆಯಾದ ಮೊದಲ ವರ್ಷ ನಮ್ಮ ಕ್ವಾರ್ಟರ್ಸಿನಲ್ಲಿ ಹಾಡಿಲ್ಲದ ಹೊತ್ತೇ ಇರಲಿಲ್ಲ. ಅವಳು ಪಾತ್ರೆ ತಿಕ್ಕುವಾಗಲೂ ತಾಳ ಹಿಡಿಯುತ್ತಿದ್ದಳು. ಶಂಟಿಂಗ್ ಎಂಜಿನ್ನು ಹಿಂದೆ ಮುಂದೆ ಓಡಾಡಿದರೆ ಅದರ ಲಯಕ್ಕೂ ಏನಾದರೂ ಪದ ಹೊಂದಿಸುತ್ತಿದ್ದಳು. ಅಜ್ಜಂಪುರದಿಂದ ಮೇಷ್ಟ್ರು ಭಾನುವಾರದ ಪ್ಯಾಸೆಂಜರಿಗೆ ಬಂದು, ನಮ್ಮ ನಡುಮನೆಯಲ್ಲಿ ಕೀಬೋರ್ಡ್ ಬಿಚ್ಚಿ, ಸಂಜೆಯ ಗಾಡಿಗೆ ವಾಪಸ್ ಹೋಗುತ್ತಿದ್ದರು. ಕಂಪನಿಯವರು ಎರಡನೆಯ ಕ್ಯಾಸೆಟ್ ಬೇಕೆಂದು ಅವರ ಬೆನ್ನು ಹತ್ತಿದ್ದರು. ಅಷ್ಟರಲ್ಲಿ ಅವಳು ಬಸುರಿಯಾದಳು. ಹೆರಿಗೆ ಆಗಲಿ, ಬಾಣಂತನ ಮುಗಿಯಲಿ, ಆಮೇಲೆ ನೋಡೋಣ ಎಂದು ಎಲ್ಲರೂ ಸಂತೋಷವಾಗಿಯೇ ಮುಂದಕ್ಕೆ ಹಾಕಿದೆವು.

ಮಗು ಉಳಿಯಲಿಲ್ಲ. ಹೆಣ್ಣುಮಗು. ಹುಟ್ಟಿದಾಗಲೇ ಉಸಿರು ಇರಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಈಗಲೂ ಆಗುವುದಿಲ್ಲ.

ಅವಳು ತವರಿನಲ್ಲಿ ಇದ್ದು ವಾಪಸ್ ಬಂದಳು. ಅಡುಗೆ ಮಾಡಿದಳು, ಬಟ್ಟೆ ಒಗೆದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಹಾಡಲಿಲ್ಲ. ಅವಳು ಬೇಕೆಂದು ಬಾಯಿ ಮುಚ್ಚಿಕೊಂಡಿದ್ದಾಳೆ ಎಂದು ಅನ್ನಿಸುತ್ತಿರಲಿಲ್ಲ. ಹಾಡು ಅವಳಿಗೆ ಮರೆತೇಹೋಗಿದೆ ಎನ್ನುವ ಹಾಗಿತ್ತು. ನಾನು ಡ್ಯೂಟಿಗೆ ಹೋಗಿ ಕಿಂಡಿಯ ಹಿಂದೆ ಕೂರುತ್ತಿದ್ದೆ. ಯಾರಾದರೂ ಹೆಂಗಸು, "ಕಂಕುಳ ಕೂಸಿಗೂ ಟಿಕೀಟು ಬೇಕೇನಪ್ಪ?" ಎಂದು ಕೇಳಿದರೆ, "ಬೇಡ ಕಣಮ್ಮ," ಎನ್ನುತ್ತಿದ್ದೆ. ಹಾಗೆ ಕೇಳದ ದಿನವೇ ಇರುತ್ತಿರಲಿಲ್ಲ. ಕಿಂಡಿ ಸಣ್ಣದಾಗಿದ್ದುದು ಒಳ್ಳೆಯದೇ ಆಯಿತು.

ಮೇಷ್ಟ್ರು ಒಮ್ಮೆ ಬಂದರು. ಕೀಬೋರ್ಡ್ ತಂದಿರಲಿಲ್ಲ. ಒಂದು ಗೊನೆ ಬಾಳೆಹಣ್ಣು ಇಟ್ಟು, ಕಾಫಿ ಕುಡಿದು, ಶಾಲೆಯ ವಿಷಯ ಮಾತಾಡಿ ಹೊರಟರು. ಸ್ಟೇಷನ್ನಿನವರೆಗೂ ಅವರ ಜೊತೆ ನಡೆದೆ. "ಕಂಪನಿಯವರಿಗೆ ಬೇರೆಯವರನ್ನ ನೋಡ್ಕೊಳ್ಳಿ ಅಂತ ಹೇಳ್ಬಿಟ್ಟಿದೀನಿ," ಎಂದರು. "ಆದ್ರೆ ಈ ಹಾಡುಗಳನ್ನ ಬೇರೆಯವರಿಗೆ ನಾನು ಕೊಡಲ್ಲ. ಹಂಗೇ ಇರ್ತವೆ." ಗಾಡಿ ಹೊರಡುವವರೆಗೂ ಅವರ ಕಿಟಕಿಯ ಪಕ್ಕ ನಿಂತಿದ್ದೆ.

ಸುಗ್ಗಿ ಮುಗಿದ ಮೇಲೆ ದೊಡ್ಡಪ್ಪ ಹಳ್ಳಿಯಿಂದ ರಾಗಿ ಕಳಿಸಿದ. ಅವ್ವ ಹಿತ್ತಲಿನಲ್ಲಿ ಗೋಣಿತಾಟು ಹಾಸಿಕೊಂಡು ಮೊರದಲ್ಲಿ ಕೇರುತ್ತ ಕೂತಿದ್ದಳು. ನನಗೆ ಅವತ್ತು ಮಧ್ಯಾಹ್ನದ ಮೇಲೆ ಡ್ಯೂಟಿ. ಬಾಗಿಲಲ್ಲಿ ಪೇಪರ್ ಓದುತ್ತಿದ್ದೆ. ಹೆಂಡತಿ ಒಳಗೆ ಒಲೆಯ ಮುಂದೆ ಇದ್ದಳು. ಮೊರದ ಲಯಕ್ಕೆ ಸರಿಯಾಗಿ ಅವ್ವ ಗುನುಗತೊಡಗಿದಳು. ಸ್ವಲ್ಪ ಹೊತ್ತು ನನಗೆ ಅದು ಯಾವ ಹಾಡೆಂದು ತಿಳಿಯಲಿಲ್ಲ. ಹೊಲದ ಹಾಡಿನ ಎಳೆತದಲ್ಲಿ ಅವಳು ಹಾಡುತ್ತಿದ್ದದ್ದು ಸೊಸೆಯ ಮೊದಲ ಕ್ಯಾಸೆಟ್ಟಿನ ಮೊದಲ ಹಾಡು. "ಮಿಂಚಿನ ಕಾಲು ಮಿಡಿಯಿತು ಬಾ" ಎಂದು ಮೇಷ್ಟ್ರು ಬರೆದಿದ್ದರು. ಅವ್ವ ಹಾಡುತ್ತಿದ್ದದ್ದು:

"ಮಂಚದ ಕಾಲು ಮುರಿಯಿತು ಬಾ..."

ಪೇಪರು ಮುಖಕ್ಕೆ ಅಡ್ಡ ಹಿಡಿದುಕೊಂಡೆ. ಅವ್ವ ಮತ್ತೆ ಹಾಡಿದಳು. ಮಂಚದ ಕಾಲು ಮತ್ತೆ ಮುರಿಯಿತು. ಒಳಗಿನಿಂದ ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು. ಅವಳು ಹಿತ್ತಲ ಬಾಗಿಲಿಗೆ ಬಂದು ನಿಂತಳು.

"ಅತ್ತೆ, ಅದು ಮಂಚದ ಕಾಲಲ್ಲ. ಮಿಂಚಿನ ಕಾಲು."

"ಮಿಂಚಿಗೆ ಕಾಲೆಲ್ಲೈತವ್ವ?" ಅವ್ವ ಮೊರ ನಿಲ್ಲಿಸಲಿಲ್ಲ. "ನಾನು ಇಷ್ಟ್ ದಿನಾನೂ ಮಂಚದ ಕಾಲು ಅಂತ್ಲೇ ತಿಳ್ಕೊಂಡಿದ್ದೆ. ಮಂಚ ಮುರ್ದ್ ಹೋಯ್ತು, ಇನ್ನೇನ್ ಮಾಡದು, ಬಾ ಕುಣಿಯನ ಅಂತ. ಚೆನ್ನಾಗೈತಲ್ಲ."

"ಮಿಡಿಯಿತು ಬಾ, ಅತ್ತೆ. ಮುರಿಯಿತು ಅಲ್ಲ."

"ಹೆಂಗೆ? ಒಂದ್ಸಲ ಹೇಳು ಮತ್ತೆ."

ಅವಳು ಹೇಳಿಕೊಡಲು ಹೋದಳು. ಹೇಳಿದರೆ ಅವ್ವನಿಗೆ ತಿಳಿಯಲಿಲ್ಲವೋ, ತಿಳಿಯಲು ಮನಸ್ಸಿರಲಿಲ್ಲವೋ, ಮತ್ತೆ ಮಂಚದ ಕಾಲನ್ನೇ ಮುರಿದಳು. ಆಗ ಅವಳು ಆ ಸಾಲನ್ನು ಹಾಡಿ ತೋರಿಸಿದಳು. ದನಿ ಒಣಗಿತ್ತು, ಮೇಲಕ್ಕೆ ಹೋಗುವ ಜಾಗದಲ್ಲಿ ಒಡೆಯಿತು. ಅವಳೇ ಗಾಬರಿಯಾಗಿ ನಿಲ್ಲಿಸಿದಳು. ಅವ್ವ ಮೊರವನ್ನು ಪಕ್ಕಕ್ಕಿಟ್ಟು, ಗೋಣಿತಾಟಿನ ಮೇಲೆ ಜಾಗ ಮಾಡಿ, "ಕೂತ್ಕ ಬಾ," ಎಂದಳು. ಅವಳು ಕೂತಳು. ಬಹಳ ಹೊತ್ತು ಅತ್ತಳು. ಅವ್ವ ಅವಳ ಬೆನ್ನು ಸವರುತ್ತ, ನಾನು ಅಲ್ಲಿ ಇದ್ದೇನೆಂಬುದನ್ನೇ ಲೆಕ್ಕಿಸದೆ ಹೇಳಿದಳು:

"ಇವನಿಗಿಂತ ಮುಂಚೆ ಎರಡು ಹೋದವು ನಂಗೆ. ಮನೇಲಿ ಯಾರೂ ಬಾಯಿ ಬಿಡಂಗಿರಲಿಲ್ಲ. ಕುರಿ ಹೊಡ್ಕೊಂಡು ಹೋಗಿ, ಗುಡ್ಡದ ಮ್ಯಾಲೆ ಕೂತು, ಬಾಯಿಗೆ ಬಂದದ್ದು ಹಾಡ್ಕೊಂತಿದ್ದೆ. ಕುರಿ ಏನಂತಾವೆ? ಮೇಯ್ತಾ ಇದ್ದವು."

ನನಗಿಂತ ಮೊದಲು ಎರಡು ಮಕ್ಕಳು ಹುಟ್ಟಿದ್ದವು ಎಂದು ನನಗೆ ತಿಳಿದದ್ದು ಆವತ್ತೇ. ಪೇಪರನ್ನು ಮಡಿಸಿ ಒಳಗೆ ಹೋದೆ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಇಳಿಸಿಟ್ಟೆ.

ಮುಂದಿನ ಭಾನುವಾರ ಅವಳೇ ಅಜ್ಜಂಪುರಕ್ಕೆ ಹೋಗೋಣ ಎಂದಳು. ಅವ್ವನೂ ಹೊರಟಳು. ಮೇಷ್ಟ್ರ ಮನೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ಅವರು ಬಾಗಿಲು ತೆಗೆದವರು ನಮ್ಮನ್ನು ನೋಡಿ ಏನೂ ಕೇಳದೆ ಒಳಗೆ ಹೋಗಿ ಕೀಬೋರ್ಡಿನ ಮೇಲಿದ್ದ ಬಟ್ಟೆ ತೆಗೆದರು. ಕಾಫಿಯ ಜೊತೆ ಮಂಚದ ಕಾಲಿನ ಕತೆಯೂ ಆಚೆ ಬಂತು. ಹೇಳಿದವಳು ನನ್ನ ಹೆಂಡತಿ, ನಾಚಿಕೊಂಡವಳು ಅವ್ವ. ಮೇಷ್ಟ್ರು ನಗಲಿಲ್ಲ. ಬೆರಳನ್ನು ಮೇಜಿನ ಮೇಲೆ ಕುಟ್ಟುತ್ತ, "ಇನ್ನೊಂದ್ಸಲ ಹಾಡಿ ಅಮ್ಮ, ನೀವು ಹಾಡಿದಂಗೇ," ಎಂದರು. ಅವ್ವ ಸೆರಗನ್ನು ಬಾಯಿಗೆ ಹಿಡಿದು ಹಾಡಿದಳು. ಮೇಷ್ಟ್ರು ಆ ಹೊಲದ ಎಳೆತವನ್ನೇ ಇಟ್ಟುಕೊಂಡು, ಕೆಳಗೆ ಬೇರೊಂದು ಲಯ ಹಾಕಿ ನುಡಿಸಿದರು. ಊಟದ ಹೊತ್ತಿಗೆ ಹೊಸ ಹಾಡು ಸಿದ್ಧವಾಯಿತು:

"ಮಂಚದ ಕಾಲು ಮುರಿಯಿತು ಬಾ,
ಚಾಪೆಯ ಸುತ್ತಿಡು, ಕುಣಿಯೋಣ ಬಾ."

ಎರಡನೆಯ ಕ್ಯಾಸೆಟ್ಟು ಹುಟ್ಟಿದ್ದು ಹೀಗೆ. ಮೇಷ್ಟ್ರು ಕಂಪನಿಗೆ ಮತ್ತೆ ಕಾಗದ ಬರೆದರು, ಅವರೂ ಒಪ್ಪಿದರು. ಎ ಸೈಡಿಗೆ ಮೊದಲ ಹಾಡು ಇದೇ ಎಂದು ಅವತ್ತೇ ತೀರ್ಮಾನವಾಯಿತು. ಒಂದು ಹಾಡು ಕಡೂರು ಬಸ್‌ಸ್ಟ್ಯಾಂಡಿನ ಕಂಡಕ್ಟರನ ಮೇಲೆ, ಒಂದು ತರೀಕೆರೆಯ ಸಂತೆಯಲ್ಲಿ ಬಳೆ ಇಡಿಸಿಕೊಳ್ಳುವ ಹುಡುಗಿಯ ಮೇಲೆ, ಒಂದು ಮಳೆಯಲ್ಲಿ ಕೊಡೆ ತಿರುಗುಮುರುಗಾದವನ ಮೇಲೆ. ಬಿ ಸೈಡಿನ ಕೊನೆಗೆ ಮೇಷ್ಟ್ರು ನಿಧಾನದ, ದುಃಖದ ಹಾಡೊಂದನ್ನು ಬರೆದು ತಂದಿದ್ದರು. ಅವಳ ಮನಸ್ಸಿಗೆ ಹಗುರವಾದೀತು ಎಂದು ಅವರ ಎಣಿಕೆ. ಅವಳು ಅದನ್ನು ಪೂರ್ತಿ ಕೇಳಿ, ಹಾಳೆಯನ್ನು ವಾಪಸ್ ಕೊಟ್ಟಳು.

"ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಬೇಡ. ಅಳೋದಕ್ಕೆ ನಂಗೆ ಟ್ಯೂನ್ ಬೇಕಿಲ್ಲ."

ಮೇಷ್ಟ್ರು ಆ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಆ ಜಾಗಕ್ಕೆ ಇನ್ನೊಂದು ಕುಣಿಯುವ ಹಾಡೇ ಬಂತು.

ಬೇಸಿಗೆಯ ಹೊತ್ತಿಗೆ ಅವಳ ದನಿ ಮೊದಲಿನ ಹದಕ್ಕೆ ಬಂದಿತ್ತು. ಬೆಳಿಗ್ಗೆ ನೀರು ಕಾಯಿಸುವಾಗ ಸರಳೆ, ಸಂಜೆ ಕೀಬೋರ್ಡ್ ಇಲ್ಲದೆಯೇ ಹಾಡು. ಅಕ್ಕಪಕ್ಕದ ಕ್ವಾರ್ಟರ್ಸಿನ ಹೆಂಗಸರು ಗೋಡೆಯಾಚೆಯಿಂದ, "ಬಳೆ ಹಾಡು ಇನ್ನೊಂದ್ಸಲ ಹೇಳ್ರೀ," ಎನ್ನುತ್ತಿದ್ದರು. ಆದರೂ ಅವಳು ಹಾಡುವುದರಲ್ಲಿ ಏನೋ ಒಂದು ಕಡಿಮೆಯಿದೆ ಎಂದು ನನಗೆ ಅನ್ನಿಸುತ್ತಿತ್ತು. ಸ್ವರ ಸರಿ, ತಾಳ ಸರಿ. ಅವಳ ಕಾಲು ಮಾತ್ರ ಅಲ್ಲಾಡುತ್ತಿರಲಿಲ್ಲ. ನಾನು ಹೇಳಲಿಲ್ಲ. ಬರುತ್ತದೆ, ಕಾಯೋಣ ಎಂದುಕೊಂಡೆ.

ರೆಕಾರ್ಡಿಂಗಿಗೆ ನಾವೆಲ್ಲ ಬೆಂಗಳೂರಿಗೆ ಹೋದೆವು. ಮೇಷ್ಟ್ರು, ಅವರ ಆರ್ಕೆಸ್ಟ್ರಾದವರು, ಕೋರಸ್ಸಿಗೆ ಅಜ್ಜಂಪುರದ ಇಬ್ಬರು ಹುಡುಗಿಯರು, ನಾನು, ಅವಳು. ಅವ್ವನನ್ನು ಮನೆಯಲ್ಲಿ ಒಬ್ಬಳೇ ಬಿಡುವುದು ಬೇಡ ಎಂದು ಕರೆದುಕೊಂಡೆವು. ಅವ್ವ ಅರಸೀಕೆರೆಯಿಂದ ಆಚೆಗೆ ರೈಲಿನಲ್ಲಿ ಹೋದದ್ದು ಅದೇ ಮೊದಲು. ಎಲ್ಲರಿಗೂ ಹಂಚಲು ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಂಡಿದ್ದಳು.

ಸ್ಟುಡಿಯೊ ಎಂದರೆ ಒಂದು ಹಳೆಯ ಮನೆಯ ಹಿಂಭಾಗ. ಗೋಡೆಗೆಲ್ಲ ತೂತು ತೂತಿನ ಹಲಗೆ ಹೊಡೆದಿದ್ದರು. ಒಂದು ದೊಡ್ಡ ಗಾಜಿನ ಆಚೆ ರೆಕಾರ್ಡಿಸ್ಟ್ ಕೂತಿದ್ದರು. ಗಾಜಿನ ಈಚೆ ವಾದ್ಯದವರು, ಮೈಕುಗಳು. ಕೆಂಪು ದೀಪ ಹತ್ತಿದರೆ ಕೆಮ್ಮುವ ಹಾಗಿಲ್ಲ. ವಾದ್ಯ, ಹಾಡು, ಕೋರಸ್ಸು ಎಲ್ಲವೂ ಒಟ್ಟಿಗೇ ಟೇಪಿಗೆ ಹೋಗಬೇಕು. ಒಬ್ಬರು ತಪ್ಪಿದರೂ ಎಲ್ಲರೂ ಮೊದಲಿನಿಂದ.

ಮೊದಲ ಹಾಡನ್ನು ತೆಗೆದುಕೊಂಡರು. ತಪ್ಪೇನೂ ಇರಲಿಲ್ಲ. ರೆಕಾರ್ಡಿಸ್ಟ್ ಸಭ್ಯರು. "ಚೆನ್ನಾಗಿ ಬಂತಮ್ಮ. ಸ್ವಲ್ಪ ನಗ್ತಾ ಹಾಡಿ ನೋಡೋಣ. ನಕ್ಕರೆ ದನೀಲಿ ಕೇಳುತ್ತೆ," ಎಂದರು. ಅವಳು ನಗುತ್ತ ಹಾಡಿದಳು. ಅದು ಫೋಟೋಗೆ ನಕ್ಕ ಹಾಗಿತ್ತು. ಇನ್ನೊಮ್ಮೆ ತೆಗೆದರು. ಮತ್ತೊಮ್ಮೆ. ಮೇಷ್ಟ್ರು ಹಣೆ ಒರೆಸಿಕೊಂಡು, "ಊಟ ಮಾಡಿ ಬರೋಣ," ಎಂದರು.

ಅಂಗಳದ ಮರದ ಕೆಳಗೆ ಕೂತು ರೊಟ್ಟಿ ಬಿಚ್ಚಿದೆವು. ಅವಳು ಒಂದು ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡಳು.

"ಪದ ಬರ್ತಾ ಇದೆ ರೀ," ಎಂದು ನನಗೆ ಮೆಲ್ಲಗೆ ಹೇಳಿದಳು. "ಕುಣಿತ ಬರ್ತಿಲ್ಲ. ಎಲ್ಲಿಂದ ತರೋದು ಗೊತ್ತಾಗ್ತಿಲ್ಲ. ಎಲ್ಲರನ್ನೂ ಇಷ್ಟು ದೂರ ಕರ್ಕೊಂಡು ಬಂದ್ಬಿಟ್ಟೆ."

"ಇವತ್ತು ಆಗದಿದ್ರೆ ವಾಪಸ್ ಹೋಗೋಣ," ಎಂದೆ. "ಗಾಡಿ ಇದ್ದೇ ಇದೆ."

ಅದು ಅವಳಿಗೆ ಸಮಾಧಾನ ತಂದಿತೋ ಇಲ್ಲವೋ ತಿಳಿಯದು. ಅವ್ವ ಪಕ್ಕದಲ್ಲೇ ಕೂತಿದ್ದವಳು ಎಲ್ಲ ಕೇಳಿಸಿಕೊಂಡಿದ್ದಳು. ಕೈ ತೊಳೆದು ಬಂದು ಮೇಷ್ಟ್ರನ್ನು ಕೇಳಿದಳು, "ಮೇಷ್ಟ್ರೇ, ನಾನು ಒಳಗೆ ಬರಬೋದಾ? ಅವಳ ಎದುರಿಗೆ ನಿಂತ್ಕೊಂತೀನಿ ಅಷ್ಟೇ. ಬಾಯಿ ಬಿಡಲ್ಲ."

ಮೇಷ್ಟ್ರು ರೆಕಾರ್ಡಿಸ್ಟರ ಮುಖ ನೋಡಿದರು. ಅವರು ಸ್ವಲ್ಪ ಯೋಚಿಸಿ ಒಪ್ಪಿದರು. "ಒಂದೇ ಒಂದು ಸದ್ದೂ ಆಗಬಾರದು. ಹೆಣ್ಮಕ್ಕಳು ಎಲ್ಲರೂ ಬಳೆ ತೆಗೆದಿಟ್ಟು ನಿಂತ್ಕೊಳ್ಳಿ. ಅಜ್ಜಿ, ನೀವೂ."

"ನಂಗೆ ಬಳೆ ಎಲ್ಲೈತೆ ಸ್ವಾಮಿ," ಎಂದು ಅವ್ವ ತನ್ನ ಬರಿಗೈ ತೋರಿಸಿದಳು. ಸಹಜವಾಗಿಯೇ ಹೇಳಿದಳು. ರೆಕಾರ್ಡಿಸ್ಟ್ ತಲೆ ತಗ್ಗಿಸಿ ಗಾಜಿನ ಆಚೆಗೆ ಹೋದರು. ನನ್ನ ಹೆಂಡತಿ ತನ್ನ ಬಳೆಗಳನ್ನು ಒಂದೊಂದಾಗಿ ತೆಗೆದು ನನ್ನ ಕೈಗೆ ಕೊಟ್ಟಳು.

ನಾನು ರೆಕಾರ್ಡಿಸ್ಟರ ಬೆನ್ನ ಹಿಂದೆ ನಿಂತಿದ್ದೆ. ಅಲ್ಲಿ ಸ್ಪೀಕರಿನಿಂದ ಹಾಡು ಕೇಳುತ್ತದೆ, ಗಾಜಿನಿಂದ ಎಲ್ಲವೂ ಕಾಣುತ್ತದೆ. ಕೆಂಪು ದೀಪ ಹತ್ತಿತು. ರಿದಮ್ ಶುರುವಾಯಿತು. ಅವ್ವ ಮೈಕಿನ ಆಚೆ, ಸೊಸೆಯ ಎದುರಿಗೆ, ಚಪ್ಪಲಿ ಬಿಟ್ಟು ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ, ನಾನು ಹುಟ್ಟಿದಾಗಿನಿಂದ ಒಮ್ಮೆಯೂ ಕಾಣದಿದ್ದದ್ದನ್ನು ಅವಳು ಮಾಡಿದಳು. ಕುಣಿದಳು.

ಡಿಸ್ಕೊ ಅಲ್ಲ ಅದು. ಹಳ್ಳಿಯಲ್ಲಿ ಹೆಂಗಸರು ಸುತ್ತು ಹಾಕಿ ಕುಣಿಯುತ್ತಾರಲ್ಲ, ಆ ಕುಣಿತ. ಎರಡು ಹೆಜ್ಜೆ ಮುಂದೆ, ಬಾಗಿ, ಒಂದು ಹೆಜ್ಜೆ ಹಿಂದೆ. ಚಪ್ಪಾಳೆ ತಟ್ಟುವ ಕಡೆ ಎರಡೂ ಅಂಗೈಗಳು ಹತ್ತಿರ ಬಂದು, ತಾಕದೆ ನಿಲ್ಲುತ್ತಿದ್ದವು. ಅಂಗಾಲು ನೆಲಕ್ಕೆ ಬಿದ್ದದ್ದೇ ಕೇಳುತ್ತಿರಲಿಲ್ಲ. ಮುಖದಲ್ಲಿ ಮಾತ್ರ ಬಹಳ ಗಂಭೀರ, ರಾಗಿ ಅಳೆಯುವಾಗ ಇರುತ್ತಿದ್ದಂಥದ್ದು. ಕೋರಸ್ಸಿನ ಹುಡುಗಿಯರು ತುಟಿ ಕಚ್ಚಿಕೊಂಡು ಒಬ್ಬರನ್ನೊಬ್ಬರು ನೋಡಿದರು.

ನನ್ನ ಹೆಂಡತಿ ಮೊದಲ ಸಾಲನ್ನು ಅತ್ತೆಯನ್ನೇ ನೋಡುತ್ತ ಹಾಡಿದಳು. ಎರಡನೆಯ ಸಾಲಿಗೆ ಅವಳ ಹಿಮ್ಮಡಿ ಮೇಲೆದ್ದಿತು. ಪಲ್ಲವಿ ತಿರುಗಿ ಬರುವ ಹೊತ್ತಿಗೆ ಅವಳೂ ಅವ್ವನ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದಳು, ಮೈಕಿನಿಂದ ಬಾಯಿ ಸರಿಯದ ಹಾಗೆ. ಎರಡನೆಯ ಚರಣದಲ್ಲಿ ಅವ್ವ ತಿರುಗಲು ಹೋಗಿ ಸೆರಗಿನ ತುದಿಯನ್ನು ತಾನೇ ತುಳಿದು ಮುಗ್ಗರಿಸುವಂತಾಗಿ ಸಾವರಿಸಿಕೊಂಡಳು. ನನ್ನವಳು ನಕ್ಕುಬಿಟ್ಟಳು. ಹಾಡಿನ ನಡುವೆ, ಪದದ ಒಳಗೇ ನಗು ಬಂತು. ಹಾಡು ನಿಲ್ಲಲಿಲ್ಲ. ನಗುವನ್ನು ಹೊತ್ತುಕೊಂಡೇ ಮೇಲಿನ ಸ್ವರಕ್ಕೆ ಹೋಗಿ ಇಳಿಯಿತು.

ಕೆಂಪು ದೀಪ ಆರಿತು. "ಸಾರ್, ನಗು ಬಂದ್ಬಿಡ್ತು, ಇನ್ನೊಂದ್ಸಲ ತಗೊಳ್ಳಿ," ಎಂದಳು ಅವಳು ಮೈಕಿನಲ್ಲಿ.

ರೆಕಾರ್ಡಿಸ್ಟ್ ಟೇಪನ್ನು ಹಿಂದಕ್ಕೆ ತಿರುಗಿಸುತ್ತ, "ಇದನ್ನ ಯಾರಾದ್ರೂ ಮತ್ತೆ ತಗೊಂತಾರೇನಮ್ಮ?" ಎಂದರು. "ಮುಂದಿನ ಹಾಡಿಗೆ ಹೋಗೋಣ. ಅಜ್ಜಿ ಅಲ್ಲೇ ಇರಲಿ."

ಅವ್ವ ಎಲ್ಲ ಹಾಡಿಗೂ ಅಲ್ಲೇ ಇದ್ದಳು. ಕಾಲು ನೋಯುತ್ತದೆಂದು ಕೊನೆಕೊನೆಗೆ ಒಂದು ಸ್ಟೂಲಿನ ಮೇಲೆ ಕೂತು ಕೈಯಲ್ಲೇ ಕುಣಿದಳು. ವಾಪಸ್ ಬರುವಾಗ ಗಾಡಿಯಲ್ಲಿ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದಳು. ನನ್ನ ಹೆಂಡತಿ ಅವಳ ಪಾದಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒತ್ತುತ್ತ ಕೂತಿದ್ದಳು.

ಕ್ಯಾಸೆಟ್ ಬಂದದ್ದು ಗೌರಿ ಹಬ್ಬಕ್ಕೆ ಸ್ವಲ್ಪ ಮುಂಚೆ. ಮಾವನವರು ತರೀಕೆರೆಯಿಂದ ಅಂಗಡಿ ಬಾಗಿಲು ಹಾಕಿಕೊಂಡು, ತಾವೇ ಒಂದು ಪ್ರತಿ ಹಿಡಿದುಕೊಂಡು ಬಂದರು. ಮುಖಪುಟದ ಚಿತ್ರ ನೋಡಿ ನಮಗೆಲ್ಲ ದಿಗಿಲಾಯಿತು. ಅಲ್ಲಿದ್ದದ್ದು ನನ್ನ ಹೆಂಡತಿಯಲ್ಲ. ಕಪ್ಪು ಕನ್ನಡಕ, ಕೆಂಪು ತುಟಿ, ಯಾರೋ ಬೇರೆ ಹುಡುಗಿ. ಕಂಪನಿಯವರು ತಮಗೆ ಸಿಕ್ಕ ಫೋಟೋ ಹಾಕಿದ್ದರು. ಹಾಡಿದವಳ ಹೆಸರು ಸಣ್ಣ ಅಕ್ಷರದಲ್ಲಿ ಹಿಂಭಾಗದಲ್ಲಿತ್ತು.

"ಇವಳ್ಯಾರೇ?" ಅವ್ವ ಕ್ಯಾಸೆಟ್ಟನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದಳು.

"ಗೊತ್ತಿಲ್ಲ ಅತ್ತೆ. ನೋಡೋಕೆ ಚೆನ್ನಾಗಿದ್ದಾಳೆ."

"ಅವಳು ಹಾಡಿದ್ಲಾ? ರೊಟ್ಟಿ ಕಟ್ಕೊಂಡು ಹೋದೋರು ನಾವು." ಅವ್ವನಿಗೆ ಆ ಸಿಟ್ಟು ಬಹಳ ದಿನ ಇಳಿಯಲಿಲ್ಲ. ನನ್ನ ಹೆಂಡತಿ ಮಾತ್ರ ಮುಖಪುಟವನ್ನು ತಿರುವಿ ಹಾಡುಗಳ ಸಾಲು ಓದಿಕೊಂಡು, ಕ್ಯಾಸೆಟ್ಟನ್ನು ಅಪ್ಪನಿಗೆ ಕೊಟ್ಟು, "ಹಾಕಪ್ಪ, ಕೇಳೋಣ," ಎಂದಳು. ಎರಡನೆಯ ಚರಣದ ನಗು ಬಂದಾಗ ಮಾವನವರು ಟೇಪ್‌ರೆಕಾರ್ಡರಿನ ಹತ್ತಿರ ಕಿವಿ ತಂದರು. ಮಗಳು ನಕ್ಕದ್ದನ್ನು ಅವರು ಕೇಳಿ ಬಹಳ ತಿಂಗಳಾಗಿತ್ತು. ರಿವೈಂಡ್ ಮಾಡಿ ಮತ್ತೆ ಕೇಳಿದರು.

ಮೊದಲನೆಯದರಷ್ಟು ಅದು ಓಡಲಿಲ್ಲ. ಅಷ್ಟರಲ್ಲಿ ಪೇಟೆಗೆ ಬಗೆಬಗೆಯ ಕ್ಯಾಸೆಟ್ಟುಗಳು ಬಂದಿದ್ದವು. ಹುಡುಗರು ಇನ್ನೂ ಜೋರಾದದ್ದನ್ನು ಕೇಳುತ್ತಿದ್ದರು. ಆದರೆ ಮಂಚದ ಕಾಲಿನ ಹಾಡನ್ನು ಹೆಂಗಸರು ಹಿಡಿದುಕೊಂಡರು. ಅಜ್ಜಂಪುರದ ಶಾಲೆಯ ವಾರ್ಷಿಕೋತ್ಸವದಲ್ಲಿ ಹೆಣ್ಣುಮಕ್ಕಳು ಅದಕ್ಕೆ ಕುಣಿದರಂತೆ. ಕಡೂರಿನಲ್ಲಿ ಮದುವೆಯ ಮನೆಯೊಂದರಲ್ಲಿ ಬೀಗಿತ್ತಿಯರಿಬ್ಬರು ಮುನಿಸು ಬಿಟ್ಟು ಕುಣಿದರೆಂದೂ ಸುದ್ದಿ ಬಂತು.

ನಮ್ಮ ದೊಡ್ಡಪ್ಪ ಒಮ್ಮೆ ಗಾಡಿ ಹಿಡಿಯಲು ಬಂದವನು ಮನೆಗೆ ಬಂದ. ಊಟ ಮಾಡಿ, ಎಲೆ ಹಾಕಿಕೊಳ್ಳುತ್ತ, ನನ್ನ ಹೆಂಡತಿ ನೀರು ತರಲು ಹೋದಾಗ ಅವ್ವನಿಗೆ ಹೇಳಿದ:

"ಕೂಸು ಹೋಗಿ ಎಷ್ಟ್ ದಿನ ಆಯ್ತು? ಆಗ್ಲೇ ಕುಣಿಯೋ ಹಾಡು. ಊರಲ್ಲಿ ಜನ ಒಂಥರಾ ಮಾತಾಡ್ತಾರೆ."

ಅವ್ವ ಭಾವನ ಎದುರು ಎಂದೂ ದನಿ ಎತ್ತಿದವಳಲ್ಲ. ಆಗಲೂ ಎತ್ತಲಿಲ್ಲ. "ಹಾಡ್ಸಿದ್ದು ನಾನು ಭಾವ. ಏನ್ ಅನ್ನೋದಿದ್ರೂ ನನ್ನೇ ಅನ್ನಿ. ಅವಳಿಗೆ ಮಾತ್ರ ಕೇಳಿಸಬ್ಯಾಡಿ," ಎಂದಳು. ದೊಡ್ಡಪ್ಪ ಕೆಟ್ಟವನಲ್ಲ. ಹೊರಡುವಾಗ ನನ್ನ ಹೆಂಡತಿಯ ಕೈಗೆ ಒಂದು ತೆಂಗಿನಕಾಯಿ ಕೊಟ್ಟು, "ಚೆನ್ನಾಗಿರವ್ವ," ಎಂದು ಹೋದ.

ಅದಾದ ಕೆಲವು ತಿಂಗಳಿಗೆ ನಾವಿಬ್ಬರೂ ಸಖರಾಯಪಟ್ಟಣದಲ್ಲಿ ನಂಟರ ಮನೆಯ ಗೃಹಪ್ರವೇಶಕ್ಕೆ ಹೊರಟಿದ್ದೆವು. ಕಡೂರಿನಲ್ಲಿ ಬಸ್ ಹತ್ತಿದಾಗ ಮುಂದಿನ ಸೀಟೆಲ್ಲ ತುಂಬಿತ್ತು. ನಮಗೆ ಹಿಂದೆ ಜಾಗ ಸಿಕ್ಕಿತು. ಊರು ದಾಟಿದ ಮೇಲೆ ಡ್ರೈವರ್ ಟೇಪ್ ಹಾಕಿದ. ಅವಳದೇ ಕ್ಯಾಸೆಟ್ಟು. ಅವಳು ನನ್ನ ಮೊಣಕೈ ಹಿಡಿದು, ಯಾರಿಗೂ ಹೇಳಬೇಡಿ ಎನ್ನುವಂತೆ ನೋಡಿದಳು. ಹೇಳಲು ನನ್ನನ್ನು ಬಲ್ಲವರೂ ಅಲ್ಲಿ ಯಾರೂ ಇರಲಿಲ್ಲ.

ನಡುದಾರಿಯಲ್ಲಿ ಒಬ್ಬ ಹೆಂಗಸು ಹತ್ತಿದಳು. ತಲೆಯ ಮೇಲೆ ತರಕಾರಿ ಬುಟ್ಟಿ, ಕಂಕುಳಲ್ಲಿ ಎಳೆ ಮಗು. ಬುಟ್ಟಿ ಇಳಿಸಲು ಕೈ ಸಾಲದೆ, ಹತ್ತಿರ ಕೂತಿದ್ದ ನನ್ನ ಹೆಂಡತಿಯ ಕಡೆಗೆ ಮಗುವನ್ನು ಚಾಚಿ, "ಒಂದೀಟ್ ಹಿಡ್ಕಳವ್ವ," ಎಂದಳು. ಉತ್ತರಕ್ಕೂ ಕಾಯಲಿಲ್ಲ.

ನಾನೇ ಎತ್ತಿಕೊಳ್ಳೋಣ ಎಂದು ಕೈ ಮುಂದೆ ಮಾಡಿದೆ. ಅಷ್ಟರಲ್ಲಿ ಮಗು ಅವಳ ತೊಡೆಯ ಮೇಲಿತ್ತು. ಅವಳು ಸ್ವಲ್ಪ ಹೊತ್ತು ಅದರ ಕಂಕುಳಲ್ಲಿ ಕೈ ಕೊಟ್ಟು ದೂರ ಹಿಡಿದುಕೊಂಡೇ ಇದ್ದಳು. ಮಗುವೂ ಅವಳನ್ನು ನೋಡಿತು. ಆಮೇಲೆ ಟೇಪಿನ ತಾಳ ಅದರ ಕಿವಿಗೆ ಬಿತ್ತೆಂದು ಕಾಣುತ್ತದೆ. ಅವಳ ತೊಡೆಯ ಮೇಲೆ ಕಾಲೂರಿ, ಮಂಡಿ ಮಡಿಸಿ, ಎದ್ದು, ಮತ್ತೆ ಮಡಿಸಿ ಕುಪ್ಪಳಿಸತೊಡಗಿತು. ಬಸ್ಸಿನವರೆಲ್ಲ ತಿರುಗಿ ನೋಡಿ ನಕ್ಕರು.

"ಈ ಹಾಡು ಕೇಳಿದ್ರೆ ಹಿಂಗೇ ಕಣವ್ವ ಇವಳು," ಎಂದಳು ತಾಯಿ ಬುಟ್ಟಿಯನ್ನು ಸೀಟಿನ ಕೆಳಗೆ ತಳ್ಳುತ್ತ. "ಮನೇಲೂ ಬಿಡಲ್ಲ. ಹಾಡಿದೋಳು ಯಾರೋ ಪುಣ್ಯಾತ್ಗಿತ್ತಿ, ನಂಗೆ ಕೈಸೋತು ಹೋಗ್ತದೆ."

ನನ್ನ ಹೆಂಡತಿ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಟೇಪಿನಲ್ಲಿ ಹಾಡುತ್ತಿದ್ದ ತನ್ನ ಜೊತೆಗೇ, ಮಗುವಿಗೆ ಮಾತ್ರ ಕೇಳುವಷ್ಟು ಮೆತ್ತಗೆ ಹಾಡಿದಳು. ನಾನು ಕಿಟಕಿಯ ಆಚೆ ತೆಂಗಿನ ತೋಟಗಳನ್ನು ನೋಡುತ್ತ ಕೂತೆ. ತಾಯಿ ಎರಡು ಮೂರು ಸಲ ಕೈ ಚಾಚಿದಳು. "ಇರಲಿ ಬಿಡಿ, ನಾನು ಇಳಿಯೋವರ್ಗೂ ಇರಲಿ," ಎಂದಳು ಇವಳು.

ನಮಗೆ ಮಗಳು ಹುಟ್ಟಿದ್ದು ಅದಾದ ಮೇಲೆ, ಮಳೆಗಾಲದಲ್ಲಿ. ಈ ಸಲ ಆಸ್ಪತ್ರೆಯ ಹೊರಗೆ ಕೂತಿದ್ದ ನನಗೆ ಅಳು ಕೇಳಿಸಿತು. ಅವ್ವ ಒಳಗಿನಿಂದ ಬಂದು, "ದನಿ ಅವರವ್ವಂದೇ," ಎಂದಳು.

ಮೂರನೆಯ ಕ್ಯಾಸೆಟ್ಟು ಬರಲಿಲ್ಲ. ಕಂಪನಿಯವರು ಒಮ್ಮೆ ಕೇಳಿ ಕಳಿಸಿದ್ದರು. ಮೇಷ್ಟ್ರಿಗೆ ದೂರದ ಊರಿಗೆ ವರ್ಗವಾಗಿತ್ತು, ಇವಳಿಗೂ ಬೇರೆಯವರ ರಾಗಕ್ಕೆ ಹಾಡುವ ಮನಸ್ಸಿರಲಿಲ್ಲ. ಅದಕ್ಕಾಗಿ ಅವಳು ಕೊರಗಿದ್ದನ್ನು ನಾನು ಕಾಣೆ. ಮನೆಯಲ್ಲಿ ಹಾಡು ನಿಲ್ಲಲಿಲ್ಲವಲ್ಲ. ಒಂದೇ ತೊಂದರೆಯೆಂದರೆ ಅವಳಿಗೆ ಜೋಗುಳ ಬರುತ್ತಿರಲಿಲ್ಲ. ಕುಣಿಯುವ ಹಾಡುಗಳನ್ನೇ ನಿಧಾನ ಮಾಡಿ, ತೊಟ್ಟಿಲು ತೂಗುತ್ತ ಹಾಡುತ್ತಿದ್ದಳು. ಎಷ್ಟು ನಿಧಾನ ಮಾಡಿದರೂ ಅವುಗಳೊಳಗೆ ಆ ತಾಳ ಇದ್ದೇ ಇರುತ್ತಿತ್ತು. ಮಗಳು ಕಣ್ಣು ಮುಚ್ಚುವ ಬದಲು ಕಾಲು ಝಾಡಿಸಿ ಹೊದಿಕೆಯನ್ನೆಲ್ಲ ಒದ್ದು, ಕೇಕೆ ಹಾಕುತ್ತಿತ್ತು. ಅವ್ವ ಅಡುಗೆಮನೆಯಿಂದ ಬಂದು, "ನೀನು ಹಿಂಗೆ ಹಾಡಿದ್ರೆ ಇದು ನಾಳೆ ಬೆಳಿಗ್ಗೆಗಂಟ ಮಲಗಲ್ಲ, ಕೊಡಿಲ್ಲಿ," ಎಂದು ಎತ್ತಿಕೊಂಡು, ಹೆಗಲ ಮೇಲೆ ಹಾಕಿಕೊಂಡು, ಹಿತ್ತಲಿಗೆ ಹೋಗಿಬಿಡುತ್ತಿದ್ದಳು.